ಶರಣರ ಮನೆ ಬಾಡಿಗೆಗಿದೆ

ಹಳ್ಳಿ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುವವಳಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಏನೂ ಆಗದೆ ಒಂದು ತಿಂಗಳು ಕಳೆದರೆ ನನಗೇ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಪದ್ಧತಿ ಹೀಗೆ: ದೇವರು, ರಾಜ, ಭಕ್ತ, ಎಲ್ಲ ಪಾತ್ರಗಳನ್ನೂ ಊರಿನ ಗಂಡಸರು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ನನ್ನಂಥವರನ್ನು ಗೊತ್ತು ಮಾಡಿ ಕರೆಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಾನು ಪಾರ್ವತಿಯಾಗಿದ್ದೇನೆ, ದ್ರೌಪದಿಯಾಗಿದ್ದೇನೆ, ಬೇರೆ ಬೇರೆ ಊರಿನ ಶಿವಭಕ್ತರಿಗೆ ಹೆಂಡತಿಯಾಗಿ ಕಣ್ಣೀರು ಹಾಕಿದ್ದೇನೆ. ಅಷ್ಟು ಗಂಡಂದಿರನ್ನು ಕಂಡಮೇಲೆ ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವುದನ್ನು ಬಿಟ್ಟುಬಿಟ್ಟೆ. ನನ್ನದು ಅನುಮಾನದ ಸ್ವಭಾವ ಅಂತ ಮಗಳು ಆಡಿಕೊಳ್ಳುತ್ತಾಳೆ. ಅವಳು ಯಾಕೆ ಹಾಗಂದಳು ಅಂತ ನನಗೆ ಅದರ ಮೇಲೂ ಅನುಮಾನ.

ಈಗ ಹೇಳುವುದು ಕಳೆದ ಶಿವರಾತ್ರಿಯ ಆಸುಪಾಸಿನದು. ತಿಪಟೂರಿನಲ್ಲಿ ನಾವಿದ್ದ ಮನೆಯನ್ನು ಕೆಡವಿ ಅಂಗಡಿ ಸಾಲು ಕಟ್ಟಿಸುತ್ತೇವೆ, ಯುಗಾದಿಯೊಳಗೆ ಖಾಲಿ ಮಾಡಿ ಎಂದು ಓನರ್ ಹೇಳಿಬಿಟ್ಟಿದ್ದರು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮನೆಯಲ್ಲಿ ಇರುವುದು ನಾನು, ಡಿಗ್ರಿ ಓದುವ ಮಗಳು, ವೇಷದ ಸಾಮಾನಿನ ಒಂದು ಪೆಟ್ಟಿಗೆ. ನಮಗೆ ಬೇಕಾಗಿದ್ದದ್ದು ಎರಡು ರೂಮಿನ ಒಂದು ಬಾಡಿಗೆ ಮನೆ, ಅಷ್ಟೆ.

೧. ದೇವರನ್ನು ಮನೆಯಲ್ಲಿಟ್ಟುಕೊಂಡರೆ

ಮನೆ ಹುಡುಕಲು ಹೋದರೆ ಮೊದಲ ಪ್ರಶ್ನೆ ಯಾವ ಜನ, ಎರಡನೆಯದು ಏನು ಕೆಲಸ. ಮೊದಲನೆಯದರಲ್ಲಿ ಹೇಗೋ ಪಾಸಾಗುತ್ತಿದ್ದೆ. ಎರಡನೆಯದಕ್ಕೆ ನಾಟಕ ಅಂದ ಕೂಡಲೇ ಓನರುಗಳಿಗೆ ಮಗಳು ಅಳಿಯ ಬಂದು ಇರುತ್ತಾರೆ ಅನ್ನುವುದು ನೆನಪಾಗುತ್ತಿತ್ತು. ಒಂದೇ ವಾರದಲ್ಲಿ ಐದು ಮನೆಗೆ ಅಳಿಯಂದಿರು ಬಂದರು. ಅದರಲ್ಲಿ ಒಬ್ಬರಿಗೆ ಹೆಣ್ಣುಮಕ್ಕಳೇ ಇರಲಿಲ್ಲ.

ಆರನೆಯ ಮನೆಯಲ್ಲಿ ಬಾಗಿಲು ತೆರೆದ ಯಜಮಾನಿತಿ ನನ್ನನ್ನೇ ದಿಟ್ಟಿಸಿ ನೋಡಿದರು. ಹೋದ ವರ್ಷ ತಮ್ಮ ತೌರೂರಿನ ನಾಟಕದಲ್ಲಿ ಪಾರ್ವತಿ ಆಗಿದ್ದವರು ನೀವೇ ಅಲ್ಲವೇ ಎಂದು ಕೇಳಿದರು. ಹೌದು ಅಂದೆ. ಅವತ್ತು ಅವರು ಮೊಮ್ಮಗುವನ್ನು ಎತ್ತಿಕೊಂಡು ಬಂದು ನನ್ನ ಕೈಯಲ್ಲಿ ತಲೆ ಮುಟ್ಟಿಸಿಕೊಂಡು ಹೋಗಿದ್ದರಂತೆ. ಮಗುವಿಗೆ ಆಮೇಲೆ ಜ್ವರವೇ ಬಂದಿಲ್ಲವಂತೆ. ಒಳಗೆ ಕರೆದು ಕೂರಿಸಿದರು. ಗಂಡನಿಲ್ಲ ಎಂದು ನಾನು ಹೇಳುವ ಮೊದಲೇ ಅರಿಶಿನ ಕುಂಕುಮ ಮುಂದಿಟ್ಟರು, ತೆಂಗಿನಕಾಯಿ ಜೊತೆ ರವಿಕೆ ಕಣ ಕೊಟ್ಟರು, ಬೇಡಬೇಡವೆಂದರೂ ಬಗ್ಗಿ ಕಾಲು ಮುಟ್ಟಿದರು. ಇಷ್ಟೆಲ್ಲ ಆದಮೇಲೆ ಮನೆ ಸಿಕ್ಕಿದ ಹಾಗೇ ಅಂದುಕೊಂಡು ಬಾಡಿಗೆ ವಿಚಾರ ಎತ್ತಿದೆ.

ಅವರ ಮುಖ ಒಂದು ಗಳಿಗೆ ಸಣ್ಣಗಾಯಿತು. ಆಮೇಲೆ ಬಹಳ ಭಕ್ತಿಯಿಂದ ಹೇಳಿದರು:

"ನೀವು ದೇವ್ರಿದ್ದಂಗೆ ಕಣಮ್ಮ. ದೇವ್ರನ್ನ ಮನೇಲಿಟ್ಕೊಂಡ್ರೆ ಮಡಿ ಮಾಡ್ಬೇಕು. ನಂಗೆ ಮೊದ್ಲೇ ಮಂಡಿ ನೋವು."

ರವಿಕೆ ಕಣ ಹಿಡಿದುಕೊಂಡು ಬಿಸಿಲಲ್ಲಿ ವಾಪಸ್ ಬಂದೆ.

೨. ಬೋರ್ಡಿನ ಬೆನ್ನು

ಅದೇ ವಾರ ತುರುವೇಕೆರೆಯಿಂದ ಒಬ್ಬ ಕೊಬ್ಬರಿ ವ್ಯಾಪಾರದ ಯಜಮಾನರು ನನ್ನನ್ನು ಹುಡುಕಿಕೊಂಡು ಬಂದರು, ಜೊತೆಗೆ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಯಜಮಾನರ ಹಣೆಯಲ್ಲಿ ಮೂರು ಬೆರಳು ವಿಭೂತಿ, ಕೈಯಲ್ಲಿ ಎರಡು ಮೊಬೈಲು. ಸಮಾಜ ಕೆಟ್ಟುಹೋಗಿದೆ ಎಂದು ಶುರು ಮಾಡಿದರು. ಭಾಷಣ ಇಟ್ಟರೆ ಜನ ಬರುವುದಿಲ್ಲ, ನಾಟಕ ಇಟ್ಟರೆ ಚಾಪೆ ತಂದು ಕೂರುತ್ತಾರೆ, ಆದ್ದರಿಂದ ಭಕ್ತಿ ನಾಟಕದಿಂದಲೇ ಊರನ್ನು ತಿದ್ದುವುದೆಂದು ಅವರ ಸಂಘ ತೀರ್ಮಾನಿಸಿತ್ತಂತೆ. ಕಥೆ ಮೇಷ್ಟ್ರೇ ಬರೆದದ್ದು. ಕುಣಿದು ಹೊಟ್ಟೆ ಹೊರೆಯುವ ಒಬ್ಬ ಹೆಂಗಸನ್ನು ಊರವರು ಹೊರಗೆ ಅಟ್ಟುತ್ತಾರೆ. ಯಾರ ಮನೆಯ ಬಾಗಿಲು ತಟ್ಟಿದರೂ ತೆರೆಯುವುದಿಲ್ಲ. ಕೊನೆಗೆ ಒಬ್ಬ ಶರಣ ಅವಳನ್ನು ತಾಯಿ ಎಂದು ಕರೆದು ತನ್ನ ಮನೆಗೆ ಕರೆದೊಯ್ಯುತ್ತಾನೆ, ಆ ಬಾಗಿಲಲ್ಲಿ ಶಿವ ಪ್ರತ್ಯಕ್ಷನಾಗುತ್ತಾನೆ. ಶರಣ ಯಜಮಾನರು. ಅಟ್ಟಿಸಿಕೊಳ್ಳುವವಳು ನಾನು. ನನ್ನ ಪಾತ್ರಕ್ಕೆ ಪ್ರಾಕ್ಟೀಸಿನ ಅಗತ್ಯವೇ ಇರಲಿಲ್ಲ.

ಕಥೆ ಹೇಳುತ್ತಾ ಯಜಮಾನರು ಅತ್ತುಬಿಟ್ಟರು. ನೀರು ಒಂದು ಕಣ್ಣಿಂದ ಬರುತ್ತಿದೆಯೋ ಎರಡರಿಂದಲೋ ಅಂತ ನೋಡಿದೆ. ಎರಡರಿಂದಲೂ ಬರುತ್ತಿತ್ತು. ಆದರೂ ನಂಬಲಿಲ್ಲ.

ಪ್ರಾಕ್ಟೀಸು ಅವರ ಮನೆಗೆ ಅಂಟಿಕೊಂಡ ಕಾಯಿ ಶೆಡ್ಡಿನಲ್ಲಿ. ಮೇಲೆ ಅಟ್ಟದಲ್ಲಿ ಕೊಬ್ಬರಿಯಾಗಲು ಬಿಟ್ಟ ಕಾಯಿ, ಕೆಳಗೆ ನಾವು. ಮೊದಲ ದಿನ ಬಸ್ಸಿಳಿದು ಹೋಗಿ ತಲೆಯೆತ್ತಿ ನೋಡಿದರೆ ಯಜಮಾನರ ಮನೆಯ ಮಹಡಿಯ ಕಂಬಿಗೆ ಬೋರ್ಡು ನೇತಾಡುತ್ತಿದೆ: ಮನೆ ಬಾಡಿಗೆಗಿದೆ. ಇಲ್ಲಿಂದ ಮಗಳ ಕಾಲೇಜಿಗೆ ನೇರ ಬಸ್ಸಿದೆ. ಅವತ್ತು ಅಭ್ಯಾಸ ಮಾಡಿದ್ದೂ ಅದೇ ದೃಶ್ಯ. ಯಜಮಾನರು ಎರಡು ಕೈ ಚಾಚಿ, ಬಾ ತಾಯಿ, ನನ್ನ ಮನೆಯೇ ನಿನ್ನ ಮನೆ, ಎಂದು ಹನ್ನೊಂದು ಸಲ ಹೇಳಿದ್ದರು. ಮುಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ.

ಅಯ್ಯೋ ಮೇಡಂ, ಮಹಡಿ ಮನೆ ನಲ್ಲಿ ಸೋರುತ್ತೆ ಅಂದರು. ಪರವಾಗಿಲ್ಲ ಅಂದೆ. ಗೋಡೆ ತೇವ ಅಂದರು. ಇರಲಿ ಅಂದೆ. ಕೊನೆಗೆ ದನಿ ತಗ್ಗಿಸಿ ವಾಸ್ತು ಸರಿಯಿಲ್ಲ, ಅಲ್ಲಿದ್ದವರು ಯಾರೂ ಉದ್ಧಾರ ಆಗಿಲ್ಲ ಅಂದರು. ನಾನೂ ಇದುವರೆಗೆ ಆಗಿಲ್ಲ, ಹೊಂದಿಕೊಳ್ಳುತ್ತೆ ಅಂದೆ. ಅವರು ಫೋನ್ ಬಂತು ಎಂದು ಎದ್ದು ಹೋದರು. ಫೋನು ಬಂದಿರಲಿಲ್ಲ.

ಮರುದಿನ ಹೋದಾಗ ಬೋರ್ಡಿನ ಬೆನ್ನು ಕಾಣುತ್ತಿತ್ತು. ತೆಗೆದು ಹಾಕಿರಲಿಲ್ಲ, ಗೋಡೆ ಕಡೆಗೆ ತಿರುಗಿಸಿದ್ದರು. ಪ್ರಾಕ್ಟೀಸು ಮುಗಿಸಿ ಬಸ್ ಸ್ಟಾಪಿನವರೆಗೆ ಹೋದವಳು ಅನುಮಾನ ತಡೆಯಲಾರದೆ ವಾಪಸ್ ಬಂದು ನೋಡಿದೆ. ಅಷ್ಟರಲ್ಲೇ ರಸ್ತೆ ಕಡೆ ತಿರುಗಿಸಿಯಾಗಿತ್ತು.

೩. ಕೊನೆಗೆ ಉಳಿದದ್ದು

ನಾಟಕದ ನಡುವೆ ಶರಣನಿಗೆ ಒಂದು ಉದ್ದದ ಮಾತಿತ್ತು. ಊರಿನ ಅನಿಷ್ಟಗಳನ್ನೆಲ್ಲ ಒಂದೊಂದಾಗಿ ಹೆಸರಿಸಿ ಬೈಯುವುದು. ಸಮಾಜ ಸುಧಾರಣೆ ಎಂದರೆ ಮುಖ್ಯವಾಗಿ ಅದೇ. ಮೇಷ್ಟ್ರು ಅದನ್ನು ಓದುತ್ತಿದ್ದಂತೆ ಸಂಘದವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಕುಡಿತದ ಮಾತು ಬಂದಾಗ ಬಾರ್ ಇಟ್ಟಿದ್ದವರು, ಇದು ನನ್ನ ಮೇಲೇ ಬರೆದದ್ದು ಅಂದರು. ಆ ಸಾಲನ್ನು ಹೊಡೆದು ಹಾಕಿದರು. ಜಾತಿ ಕೇಳಿ ಲೋಟ ಕೊಡುವವರ ಮಾತಿಗೆ ಹೋಟೆಲಿನವರು ಎದ್ದು ನಿಂತರು. ಅದೂ ಹೋಯಿತು. ವರದಕ್ಷಿಣೆಯ ಮಾತಿಗೆ ರಾಜನ ಪಾತ್ರದವರು ಕೆಮ್ಮಿದರು. ಮಗನ ಮದುವೆಯಾಗಿ ಆರು ತಿಂಗಳಾಗಿರಲಿಲ್ಲ, ಬೀಗರು ಕೊಟ್ಟ ಕಾರು ಶೆಡ್ಡಿನ ಮುಂದೆಯೇ ನಿಂತಿತ್ತು. ತೂಕದ ಮೋಸದ ಮಾತನ್ನು ಸ್ವತಃ ಯಜಮಾನರೇ, ಅದು ಕಥೆಗೆ ಸರಿಹೊಂದುವುದಿಲ್ಲ, ಆ ಕಾಲದಲ್ಲಿ ತಕ್ಕಡಿಯೇ ಇರಲಿಲ್ಲ ಎಂದು ತೆಗೆಸಿದರು.

ಮೇಷ್ಟ್ರಿಗೆ ಅಳುವಂತಾಯಿತು. ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿಲ್ಲ, ಈ ಊರಲ್ಲಿ ಯಾರು ಏನು ಮಾಡುತ್ತಾರೆ ಅಂತಲೂ ತನಗೆ ಗೊತ್ತಿಲ್ಲ ಎಂದು ಆಣೆ ಮಾಡಿದರು. ಹೋಟೆಲಿನವರು ಬಿಡಲಿಲ್ಲ.

"ಗೊತ್ತಿಲ್ದೆ ಇಷ್ಟು ಕರೆಕ್ಟಾಗಿ ಹೆಂಗ್ ಬರದ್ರಿ ಮೇಷ್ಟ್ರೇ?"

ಎಲ್ಲ ಹೊಡೆದು ಹಾಕಿದ ಮೇಲೆ ಹಾಳೆಯಲ್ಲಿ ಉಳಿದ ಅನಿಷ್ಟ ಒಂದೇ, ನರಬಲಿ. ಅದಕ್ಕೆ ಎಲ್ಲರೂ ಒಪ್ಪಿದರು. ಬಹಳ ಕೆಟ್ಟ ಪದ್ಧತಿ, ಅದನ್ನು ಮುಲಾಜಿಲ್ಲದೆ ಖಂಡಿಸಬೇಕು, ಮೈಕ್ ಹತ್ತಿರ ಬಂದು ಗಟ್ಟಿಯಾಗಿ ಹೇಳಬೇಕು ಅಂದರು. ಬಾರಿನವರೊಬ್ಬರು ಮಾತ್ರ ಇನ್ನೂ ಯೋಚನೆ ಮಾಡುತ್ತಿದ್ದರು. ಪಕ್ಕದ ಊರಿನವರು ಬೇಜಾರು ಮಾಡಿಕೊಳ್ಳುವುದಿಲ್ಲ ತಾನೇ ಎಂದು ಕೇಳಿದರು.

ನನ್ನ ದೃಶ್ಯಕ್ಕೆ ಯಾರೂ ಕೈ ಹಾಕಲಿಲ್ಲ. ನಾಟಕದವಳಿಗೆ ಬಾಗಿಲು ಹಾಕುವುದೂ ಒಂದು ತಪ್ಪು ಅಂತ ಅಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

೪. ಶರಣರ ಹೆಂಡತಿ

ಯಜಮಾನರ ಹೆಂಡತಿ ಎರಡನೆಯ ದಿನದಿಂದ ಶೆಡ್ಡಿಗೆ ಬಂದು ಕೂರತೊಡಗಿದರು. ಹುಣಸೆಹಣ್ಣಿನ ಕಾಲ. ಮುಂದೆ ಒಂದು ಕಲ್ಲು, ಕೈಯಲ್ಲಿ ಒಂದು ಕೊಡತಿ, ಹಣ್ಣು ಕುಟ್ಟಿ ಬೀಜ ಬಿಡಿಸುವುದು. ಕಣ್ಣು ಹಣ್ಣಿನ ಮೇಲೆ ಇರುತ್ತಿರಲಿಲ್ಲ. ಯಜಮಾನರು ನನ್ನ ಕಡೆಗೆ ಒಂದು ಹೆಜ್ಜೆ ಇಟ್ಟರೆ ಕುಟ್ಟುವ ಸದ್ದು ಜೋರಾಗುತ್ತಿತ್ತು, ಹಿಂದೆ ಹೋದರೆ ಮೆತ್ತಗಾಗುತ್ತಿತ್ತು. ಮೇಷ್ಟ್ರು ಅದನ್ನೇ ತಾಳ ಅಂದುಕೊಂಡು ಹಾರ್ಮೋನಿಯಂ ನುಡಿಸಿಬಿಡುತ್ತಿದ್ದರು.

ಅವರ ಅನುಮಾನಕ್ಕೆ ಕಾರಣ ಇಲ್ಲದೇ ಇರಲಿಲ್ಲ. ಐವತ್ತೆಂಟು ವರ್ಷ ಸಮಾಜದ ಕಡೆ ತಿರುಗಿಯೂ ನೋಡದಿದ್ದ ಗಂಡ ಇದ್ದಕ್ಕಿದ್ದಂತೆ ಸುಧಾರಕರಾಗಿದ್ದರು. ಮೀಸೆಗೆ ಬಣ್ಣ ಹಚ್ಚಿದ್ದರು. ಅದಕ್ಕಿಂತ ಹೆಚ್ಚಾಗಿ, ಮಾತು ಬಾಯಿಗೆ ಕೂರುತ್ತಿಲ್ಲ, ಹೇಳಿಸಿಕೊಂಡು ಬರುತ್ತೇನೆ ಎಂದು ಒಂದೇ ವಾರದಲ್ಲಿ ಮೂರು ಸಲ ತಿಪಟೂರಿಗೆ ನಮ್ಮ ಮನೆಗೆ ಬಂದಿದ್ದರು. ನಾನು ಅವರನ್ನು ಹೊರಗೆ ಜಗಲಿಯಲ್ಲಿ ಕೂರಿಸಿ, ಪಕ್ಕದಲ್ಲಿ ಮಗಳನ್ನು ಪುಸ್ತಕ ಹಿಡಿಸಿ ಕೂರಿಸಿ, ಮಾತು ಹೇಳಿಕೊಟ್ಟು ಕಳಿಸುತ್ತಿದ್ದೆ. ಪಾಪ, ಅವರಿಗೆ ನಿಜವಾಗಿಯೂ ಮಾತು ನೆನಪಿರುತ್ತಿರಲಿಲ್ಲ. ನೆನಪಿಲ್ಲದಿರುವುದನ್ನೂ ನಾನು ಅನುಮಾನದಿಂದಲೇ ನೋಡಿದೆ.

ಬಿದ್ದ ಹೆಣ್ಣನ್ನು ಶರಣ ಕೈ ಹಿಡಿದು ಎತ್ತುವ ಜಾಗ ಬಂದಾಗ ಕುಟ್ಟುವುದು ನಿಂತೇಹೋಯಿತು. ಕೈ ಯಾಕೆ ಹಿಡಿಯಬೇಕು ಎಂದು ಹೆಂಡತಿ ಕೇಳಿದರು. ಇದರಲ್ಲಿ ದೊಡ್ಡ ತತ್ವ ಇದೆ, ಕುಸಿದವರನ್ನು ಎತ್ತುವುದೇ ಧರ್ಮ ಎಂದು ಮೇಷ್ಟ್ರು ವಿವರಿಸಿದರು. ಏಳೋಕೆ ಅವಳಿಗೆ ಕಾಲಿಲ್ಲವೇ ಅಂದರು. ಕೊನೆಗೆ ಶರಣ ತನ್ನ ಊರುಗೋಲು ಚಾಚುವುದು, ನಾನು ಅದರ ತುದಿ ಹಿಡಿದು ಏಳುವುದು ಎಂದು ರಾಜಿಯಾಯಿತು. ಊರುಗೋಲು ತಂದರು. ಹೆಂಡತಿ ಅದರ ಉದ್ದ ನೋಡಿ ತಲೆಯಾಡಿಸಿ, ಗೋಡೆಗೆ ಒರಗಿಸಿದ್ದ ಎಳನೀರು ಕೀಳುವ ದೋಟಿಯನ್ನು ತೋರಿಸಿದರು. ಅದರ ತುದಿಯ ಕುಡುಗೋಲನ್ನು ಬಿಚ್ಚಿಸಲು ಮೇಷ್ಟ್ರು ಅರ್ಧ ಗಂಟೆ ಕೈಮುಗಿಯಬೇಕಾಯಿತು.

ನನಗೆ ಮೈಯೆಲ್ಲ ಉರಿಯಿತು. ಕಾಫಿ ಹೊತ್ತಿಗೆ ನೇರವಾಗಿ ಅವರ ಮುಂದೆ ಹೋಗಿ ಕೂತೆ.

"ಅಮ್ಮಾವ್ರೇ, ನಿಮ್ ಯಜಮಾನ್ರು ನಂಗೆ ಬ್ಯಾಡ. ನಂಗೆ ಬೇಕಾಗಿರೋದು ನಿಮ್ ಮಹಡಿ ಮನೆ. ಯುಗಾದಿಗೆ ನಾನೂ ನನ್ ಮಗಳೂ ಬೀದೀಲಿರ್ತೀವಿ."

ಅವರು ಒಂದು ಹುಣಸೆಹಣ್ಣು ಕಲ್ಲಿನ ಮೇಲಿಟ್ಟು ಕೊಡತಿ ಎತ್ತಿದರು.

"ಮೊದ್ಲು ಎಲ್ರೂ ಮನೇನೇ ಕೇಳೋದು ಬುಡಮ್ಮ."

೫. ಮೇಲೂ ಇಲ್ಲ, ಕೆಳಗೂ ಇಲ್ಲ

ನಾಟಕ ದೇವಸ್ಥಾನದ ಮುಂದಿನ ಬಯಲಿನಲ್ಲಿ, ಸಾಯಂಕಾಲ ನಾಲ್ಕಕ್ಕೇ ಶುರು. ಮಠದ ಸ್ವಾಮಿಗಳು ಬರುವವರಿದ್ದರು, ಅವರು ಎಂಟಕ್ಕೆ ಮಲಗುತ್ತಾರೆ. ಯುಗಾದಿಗೆ ಒಂಬತ್ತು ದಿನ ಉಳಿದಿತ್ತು. ಅಷ್ಟರಲ್ಲಿ ತುರುವೇಕೆರೆಯಲ್ಲೂ ನಾಲ್ಕು ಮನೆಗಳಿಗೆ ಅಳಿಯಂದಿರು ಬಂದಿದ್ದರು.

ಜನ ತುಂಬಿದ್ದರು. ನನ್ನನ್ನು ಊರಿಂದ ಅಟ್ಟುವ ದೃಶ್ಯ ಚೆನ್ನಾಗಿ ಬಂತು. ಅಟ್ಟುವವರೆಲ್ಲ ಸಂಘದವರೇ, ಬಹಳ ಸಹಜವಾಗಿ ಮಾಡಿದರು. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅದರಲ್ಲಿ ಇಬ್ಬರು ನನಗೆ ಮನೆ ಇಲ್ಲ ಅಂದವರಿದ್ದರು.

ಯಜಮಾನರು ದೋಟಿ ಹಿಡಿದು ಬಂದರು. ಎಬ್ಬಿಸಿದರು. ಎರಡು ಕೈ ಚಾಚಿ, ತಾಯಿ, ಈ ಊರು ನಿನಗೆ ಬಾಗಿಲು ಹಾಕಿತು, ನನ್ನ ಬಾಗಿಲು ತೆರೆದಿದೆ, ಇಂದೇ ಬಾ, ನನ್ನ ಮನೆಯೇ ನಿನ್ನ ಮನೆ, ಅಂದರು. ಇಲ್ಲಿ ನಾನು, ಶರಣರೇ ನಾನು ಪಾಪಿ, ನಿಮ್ಮ ಮನೆಗೆ ಬರುವ ಯೋಗ್ಯತೆ ನನಗಿಲ್ಲ, ಅನ್ನಬೇಕು. ಬರೆದದ್ದು ಹಾಗೆ. ಆ ಗಳಿಗೆಯಲ್ಲಿ ನನಗೆ ಅದು ಬಾಯಿಗೆ ಬರಲಿಲ್ಲ. ಯೋಗ್ಯತೆ ಯಾಕಿಲ್ಲ ಅನ್ನಿಸಿತು. ಒಂಬತ್ತು ದಿನ ಕಳೆದರೆ ಮಗಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅನ್ನುವುದೊಂದೇ ತಲೆಯಲ್ಲಿತ್ತು.

"ಬರುತ್ತೇನೆ ಶರಣರೇ," ಅಂದೆ ಮೈಕಿನಲ್ಲಿ. "ಮೇಲಿನ ಮನೆಗೆ ಬರಲೋ, ಕೆಳಗಿನ ಮನೆಗೋ?"

ಬೋರ್ಡು ನೋಡಿದ್ದ ಹುಡುಗರು ಸಿಳ್ಳೆ ಹಾಕಿದರು. ನಾನು ಮಾತು ಮರೆತಿದ್ದೇನೆ ಅಂದುಕೊಂಡ ಮೇಷ್ಟ್ರು ಪಕ್ಕದಿಂದ, ಪಾಪಿ, ಪಾಪಿ, ಎಂದು ಪಿಸುಗುಟ್ಟಿದರು. ತಮ್ಮನ್ನೇ ಅಂದರೆಂದು ಯಜಮಾನರು ಬೆಚ್ಚಿದರು. ಮೂರು ಸಲ ತಿಪಟೂರಿಗೆ ಬಂದರೂ ಒಂದು ಮಾತು ನೆನಪಿಟ್ಟುಕೊಳ್ಳದ ಮನುಷ್ಯನಿಗೆ ಅವತ್ತು ಎಲ್ಲಿಂದ ಬಂತೋ ಆ ಬುದ್ಧಿ.

"ಶರಣನ ಮನೆಗೆ ಮೇಲು ಕೆಳಗೆಂಬುದು ಇಲ್ಲ ತಾಯಿ!"

ಚಪ್ಪಾಳೆಯೋ ಚಪ್ಪಾಳೆ. ಸ್ವಾಮಿಗಳೂ ತಟ್ಟಿದರು. ನಮ್ಮ ಕಡೆ ಮಾತು ಹಿಡಿಸಿತೆಂದರೆ ಜನ ನಾಟಕದ ನಡುವೆಯೇ ಸ್ಟೇಜ್ ಹತ್ತಿ ಹಾರ ಹಾಕುತ್ತಾರೆ. ಯಜಮಾನರು ತಮಗೆ ಬಿದ್ದ ಹಾರಗಳಲ್ಲಿ ಮೂಗಿನವರೆಗೆ ಮುಳುಗಿಹೋದರು. ನನಗೂ ಒಬ್ಬರು ಒಂದು ಹಾರ ಹಾಕಿ, ಅಭಿನಯ ಅಂದರೆ ಇದು ಅಂದರು. ಆಶೀರ್ವಚನದಲ್ಲಿ ಸ್ವಾಮಿಗಳು, ಇಂಥ ಬಾಗಿಲು ಪ್ರತಿ ಮನೆಯಲ್ಲೂ ತೆರೆಯಬೇಕು ಎಂದು ಅಪ್ಪಣೆ ಕೊಡಿಸಿದಾಗ ಎಲ್ಲರಿಗಿಂತ ಹೆಚ್ಚು ತಲೆ ಆಡಿಸಿದವರು ಯಜಮಾನರೇ. ವೇಷ ಬಿಚ್ಚುವಾಗ ನನ್ನ ಹತ್ತಿರ ಬಂದು, ಇಲ್ಲದ ಮಾತು ಸೇರಿಸಬೇಡಿ ಮೇಡಂ, ಎದೆ ನಿಂತುಹೋಗಿತ್ತು ಅಂದರು. ಮನೆ ವಿಚಾರ ಎತ್ತಲಿಲ್ಲ.

ನಾನು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ. ನೋಡುವವರು ಯಾರೂ ಇರಲಿಲ್ಲ, ಆದ್ದರಿಂದ ಅದು ನಿಜವಾದ ಅಳುವೇ ಇರಬೇಕು.

೬. ಯಾವುದು ನಾಟಕ

ವೇಷದ ಪೆಟ್ಟಿಗೆ ಶೆಡ್ಡಿನಲ್ಲೇ ಉಳಿದಿತ್ತು. ಮರುದಿನ ಬೆಳಿಗ್ಗೆ ತರಲು ಹೋದೆ. ಯಜಮಾನರು ಜಗಲಿಯಲ್ಲಿ ಕೂತು, ವಾಟ್ಸಾಪಿನಲ್ಲಿ ಬಂದ ತಮ್ಮದೇ ವಿಡಿಯೋವನ್ನು ಮೇಷ್ಟ್ರಿಗೆ ತೋರಿಸುತ್ತಿದ್ದರು. ಮೇಲು ಕೆಳಗೆಂಬುದು ಇಲ್ಲ ತಾಯಿ, ಎಂದು ಫೋನು ಮತ್ತೆ ಮತ್ತೆ ಹೇಳುತ್ತಿತ್ತು.

ಒಳಗಿಂದ ಹೆಂಡತಿ ಬಂದರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈ ತೆಗೆದು ನನ್ನ ಮುಂದೆ ಹಿಡಿದು, ಹೋಗಿ ಮಹಡಿ ಮನೆ ನೋಡಿಕೊಂಡು ಬಾ ಅಂದರು. ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಅನುಮಾನ. ಕೈ ಚಾಚಿದರೆ ಏನು ಕಾದಿದೆಯೋ ಎಂದು ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡೆ. ಯಜಮಾನರು ಫೋನ್ ಇಟ್ಟು ಎದ್ದರು.

"ಏನೇ ಇದು? ನಾಟಕದೋರಿಗೆ ಮನೆ ಕೊಟ್ರೆ ಜನ ಏನಂತಾರೆ?"

"ನಿನ್ನೆ ಅಷ್ಟು ಜನದ ಮುಂದೆ ನೀವೇ ಬಾ ಅಂದ್ರಲ್ಲ."

"ಅಯ್ಯೋ, ಅದು ನಾಟಕ ಕಣೇ."

"ಸರಿ. ನನ್ನ ಮನೆ ನಿನ್ನ ಮನೆ ಅಂದಿದ್ದು ನಾಟಕ," ಅಂದರು ಹೆಂಡತಿ, ಒಂದು ಚೂರೂ ದನಿ ಏರಿಸದೆ. "ತಾಯಿ ಅಂದಿದ್ದು?"

ಇಪ್ಪತ್ತೆರಡು ವರ್ಷದಲ್ಲಿ ಮಾತು ಮರೆತು ನಿಂತ ಗಂಡಸರನ್ನು ಬೇಕಾದಷ್ಟು ಕಂಡಿದ್ದೇನೆ, ಹೀಗೆ ನಿಂತವರನ್ನು ಕಂಡಿಲ್ಲ. ಅದೂ ನಾಟಕ ಅಂದರೆ ಮೂರು ಸಲದ ತಿಪಟೂರು ಬಸ್ಸಿಗೆ ಉತ್ತರ ಹೇಳಬೇಕು. ಅದು ನಿಜ ಅಂದರೆ ಮಹಡಿ ಹೋಯಿತು. ಯಜಮಾನರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಈ ಸಲ ಏನೂ ಪಿಸುಗುಟ್ಟಲಿಲ್ಲ, ಎದ್ದು ಚಪ್ಪಲಿ ಹುಡುಕಿದರು.

"ತಾಯಿ ಅಂದಿದ್ದು ನಿಜ ಕಣೇ," ಅಂದರು ಯಜಮಾನರು. "ಬೇಕಾದ್ರೆ ಲಿಂಗ ಮುಟ್ಟಿ ಹೇಳ್ತೀನಿ."

"ಹಂಗಾದ್ರೆ ಹೆತ್ತ ತಾಯೀನ ಬೀದೀಲಿ ಬುಡ್ತಾರಾ? ಪೆಟ್ಟಿಗೆ ಎತ್ಕೊಂಡು ನಡೀರಿ ಮೇಲಕ್ಕೆ."

ಯಜಮಾನರು ಪೆಟ್ಟಿಗೆ ಹೊತ್ತು ಮುಂದೆ, ನಾವಿಬ್ಬರೂ ಹಿಂದೆ. ಮನೆ ಚೆನ್ನಾಗಿತ್ತು. ನಲ್ಲಿ ಸೋರುತ್ತಿರಲಿಲ್ಲ, ಗೋಡೆಯಲ್ಲಿ ತೇವ ಇರಲಿಲ್ಲ. ಯಜಮಾನರು ಕೆಳಗಿಳಿದ ಮೇಲೆ ತಡೆಯಲಾರದೆ ಕೇಳಿದೆ, ನಿನ್ನೆವರೆಗೆ ನನ್ನ ನೆರಳು ಕಂಡರಾಗದ ನೀವು ಇವತ್ತು ಯಾಕೆ ಮನೆ ಕೊಟ್ಟಿರಿ, ನಾಟಕ ನೋಡಿ ಮನಸ್ಸು ಕರಗಿತೇ ಎಂದು.

"ನಾಟಕನೂ ಇಲ್ಲ, ಮಣ್ಣೂ ಇಲ್ಲ. ಮುಂದಿನ ವರ್ಷ ಇನ್ನೊಂದು ಸುಧಾರಣೆ ಮಾಡ್ತಾರಂತೆ. ನೀನು ತಿಪಟೂರಲ್ಲಿದ್ರೆ ಇವ್ರು ಮತ್ತೆ ಬಸ್ ಹತ್ತತಾರೆ. ಇಲ್ಲಿದ್ರೆ ಮೆಟ್ಲು ನಮ್ ಅಡಿಗೆಮನೆ ಕಿಟಕಿ ಮುಂದೇನೇ ಐತೆ."

ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಊರುಗಳಲ್ಲಿ ಅಷ್ಟು ಶರಣರು ಬಾಯಿತುಂಬ ಕೊಟ್ಟ ಮನೆಗಳಲ್ಲಿ ನಿಜವಾಗಿ ಬಾಗಿಲು ತೆರೆದದ್ದು ಇದೊಂದೇ, ಅದೂ ನನ್ನನ್ನು ಕಿಂಚಿತ್ತೂ ನಂಬದ ಹೆಂಗಸಿನ ಕೈಯಿಂದ. ನಾನೂ ಅವರನ್ನು ನಂಬುವುದಿಲ್ಲ, ಆದ್ದರಿಂದ ನಮ್ಮಿಬ್ಬರಿಗೂ ಬಹಳ ಚೆನ್ನಾಗಿ ಹೊಂದುತ್ತದೆ.

ಯುಗಾದಿಗೆ ಎರಡು ದಿನ ಮೊದಲೇ ಬಂದೆವು. ಯಜಮಾನರಿಗೆ ಐವತ್ತೆಂಟು, ನನಗೆ ನಲವತ್ತನಾಲ್ಕು. ಈಗಲೂ ಗೇಟಿನ ಹತ್ತಿರ ನಾನು ಎದುರಾದರೆ ಅವರು ಮೊದಲು ಅಡಿಗೆಮನೆ ಕಿಟಕಿ ಕಡೆ ನೋಡುತ್ತಾರೆ, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಕೇಳುತ್ತಾರೆ:

"ತಾಯೀ, ಊಟ ಆಯ್ತಾ?"